ಮಸಿ ಕಣದ ದಹನ: ಮೇಲ್ಮೈ ಲೆಕ್ಕದ ಚರಿತ್ರೆ

ಜ್ವಾಲೆ ಹಳದಿಯಾಗಿ ಬೆಳಗುವುದು ಅದರೊಳಗೆ ಕಾದು ಹೊಳೆಯುವ ಘನ ಇಂಗಾಲದ ಕಣಗಳಿಂದ, ಅಂದರೆ ಮಸಿಯಿಂದ, ಎಂದು ಹಂಫ್ರಿ ಡೇವಿ 1817ರ ಹೊತ್ತಿಗೇ ವಾದಿಸಿದ್ದರು. 1860–61ರ ಕ್ರಿಸ್‌ಮಸ್ ಉಪನ್ಯಾಸಗಳಲ್ಲಿ ಮೈಕೆಲ್ ಫ್ಯಾರಡೆ ಮೇಣದಬತ್ತಿಯನ್ನೇ ಮುಂದಿಟ್ಟು ಅದನ್ನು ವಿವರಿಸಿದರು. ಈ ಕಣಗಳು ಎಷ್ಟು ವೇಗವಾಗಿ ಉರಿದುಹೋಗುತ್ತವೆ ಎಂಬ ಪ್ರಶ್ನೆಗೆ ಇಂದಿಗೂ ಬಳಕೆಯಲ್ಲಿರುವ ಉತ್ತರಗಳು ಬಂದದ್ದು 20ನೇ ಶತಮಾನದಲ್ಲಿ. ಆದರೆ ಯಾವುದನ್ನು ಮೇಲ್ಮೈ ಎಂದು ಎಣಿಸಬೇಕು ಎಂಬುದು ತೀರ್ಮಾನವಾಗದೆ ಆ ವೇಗಕ್ಕೆ ಸ್ಥಿರವಾದ ಅಂಕಿ ಸಿಗಲಿಲ್ಲ ಎಂಬುದು ಈ ಲೇಖನದ ವಾದ.

1962ರಲ್ಲಿ ಎರಡು ಮುಖ್ಯ ಅಧ್ಯಯನಗಳು ಬಂದವು. ಲೀ, ಥ್ರಿಂಗ್ ಮತ್ತು ಬೇರ್ ಜ್ವಾಲೆಯಲ್ಲಿಯೇ ಮಸಿ ಉರಿಯುವ ದರವನ್ನು ಅಳೆದರು. ನೇಗಲ್ ಮತ್ತು ಸ್ಟ್ರಿಕ್‌ಲ್ಯಾಂಡ್-ಕಾನ್‌ಸ್ಟೇಬಲ್ 1000ರಿಂದ 2000 ಡಿಗ್ರಿ ಸೆಲ್ಸಿಯಸ್ ನಡುವೆ ಇಂಗಾಲದ ಉತ್ಕರ್ಷಣೆಯನ್ನು ಪರಿಶೀಲಿಸಿ, ಮೇಲ್ಮೈಯಲ್ಲಿ ಹೆಚ್ಚು ಮತ್ತು ಕಡಿಮೆ ಕ್ರಿಯಾಶೀಲವಾದ ಎರಡು ಬಗೆಯ ತಾಣಗಳಿವೆ ಎಂದು ಸೂಚಿಸಿದರು. ಇಂಥ ದರಗಳನ್ನು ಹೇಳುವುದು ಚದರ ಸೆಂಟಿಮೀಟರಿಗೆ ಇಷ್ಟು ಎಂದು. ಹಾಗಾಗಿ ವಿಸ್ತೀರ್ಣ ಗೊತ್ತಿರಲೇಬೇಕು. ಅದಕ್ಕೆ ಕಣವನ್ನು ಗಟ್ಟಿ ಗೋಳವೆಂದು ಭಾವಿಸುವುದು ರೂಢಿಯಾಯಿತು.

30 ನ್ಯಾನೋಮೀಟರ್ ವ್ಯಾಸದ ಗೋಳ ಹೊರಗಿನಿಂದಷ್ಟೇ ಸವೆದು ಅರ್ಧ ತೂಕ ಕಳೆದುಕೊಂಡರೆ, ವ್ಯಾಸ ಸುಮಾರು 24ಕ್ಕೆ ಇಳಿಯುತ್ತದೆ. ಒಟ್ಟು ಮೇಲ್ಮೈ ಶೇ. 63ಕ್ಕೆ ಕುಗ್ಗುತ್ತದೆ, ಪ್ರತಿ ಗ್ರಾಮಿನ ಮೇಲ್ಮೈ ಮಾತ್ರ ಶೇ. 26ರಷ್ಟು ಹೆಚ್ಚುತ್ತದೆ. ಇದಕ್ಕಿಂತ ಹೆಚ್ಚಳ ಕಂಡರೆ ಕಣದ ಒಳಗೂ ಏನೋ ನಡೆದಿದೆ ಎಂದೇ ಅರ್ಥ.

1967ರಲ್ಲಿ ಫೆನಿಮೋರ್ ಮತ್ತು ಜೋನ್ಸ್, ಆಮ್ಲಜನಕ ವಿರಳವಾದ ಕಡೆಯೂ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಮಸಿಯನ್ನು ಸುಡುತ್ತದೆ, ಸರಿಸುಮಾರು ಹತ್ತು ಡಿಕ್ಕಿಗಳಿಗೆ ಒಂದು ಇಂಗಾಲದ ಪರಮಾಣು ಕಳಚುತ್ತದೆ ಎಂದು ತೋರಿಸಿದರು. 1981ರಲ್ಲಿ ನಿಯೋ, ಹೋವರ್ಡ್ ಮತ್ತು ಸರೋಫಿಮ್ ಒಂದು ಡಿಕ್ಕಿಗೆ ಎಷ್ಟು ಪರಮಾಣು ಕಳಚುತ್ತದೆ ಎಂಬ ಇದೇ ದಕ್ಷತೆಯನ್ನು ಮತ್ತೆ ಲೆಕ್ಕಹಾಕಿದಾಗ, ಬೆಳಕಿನ ಚದುರುವಿಕೆಯಿಂದ ಪಡೆದ ಗಾತ್ರಕ್ಕೆ 0.28 ಬಂದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಗಾತ್ರಕ್ಕೆ 0.13 ಬಂತು. ಕ್ರಿಯೆ ಒಂದೇ, ವಿಸ್ತೀರ್ಣದ ಅಳತೆ ಬೇರೆ. ಉತ್ತರದಲ್ಲಿ ಎರಡು ಪಟ್ಟಿಗೂ ಮೀರಿದ ಅಂತರ.

ಅನಿಲ ಅಂಟಿಸಿ ಮೇಲ್ಮೈ ಅಳೆಯುವ ಬ್ರೂನಾವರ್, ಎಮೆಟ್, ಟೆಲ್ಲರ್ ಅವರ ವಿಧಾನ 1938ರದು. ಮಸಿಗೆ ಅದನ್ನು ಬಳಸಿದಾಗ ಒಳರಂಧ್ರಗಳೂ ಲೆಕ್ಕಕ್ಕೆ ಬಂದವು. 1991ರಲ್ಲಿ ಇಶಿಗುರೊ ತಂಡ, ಡೀಸೆಲ್ ಮಸಿ ಉರಿದಂತೆ ಅದರ ಗ್ರಾಮುವಾರು ಮೇಲ್ಮೈ ಏರುವುದನ್ನು ವರದಿ ಮಾಡಿತು. 2006ರಲ್ಲಿ ಸಾಂಗ್, ಬೋಮನ್ ಮತ್ತು ಸಂಗಡಿಗರು ಜೈವಿಕ ಡೀಸೆಲ್ ಮಸಿಯ ಕಣಗಳು, ಗೆದ್ದಲು ಹಿಡಿದ ತೊಲೆಯ ಹಾಗೆ, ಚಿಪ್ಪು ಉಳಿಸಿಕೊಂಡು ಒಳಗೆ ಟೊಳ್ಳಾಗುವುದನ್ನು ಕಂಡರು. ಹೈಡ್ರಾಕ್ಸಿಲ್ ತಾಕಿದಲ್ಲೇ ಬೇಗ ವರ್ತಿಸಿ ಹೊರಮೈಯನ್ನು ಸವೆಸುತ್ತದೆ. ನಿಧಾನವಾಗಿ ವರ್ತಿಸುವ ಆಮ್ಲಜನಕಕ್ಕೆ ಒಳಗೆ ಇಳಿಯಲು ಬಿಡುವಿರುತ್ತದೆ. ಮಸಿ ಕಣಗಳು ಗೊಂಚಲಾಗಿ ಅಂಟಿಕೊಂಡಿರುವುದರಿಂದ, ಅವನ್ನು ಬೆಸೆದ ಕೊಂಡಿ ಸುಟ್ಟರೆ ಗೊಂಚಲೇ ಒಡೆಯುತ್ತದೆ.

2020ರ ಏಪ್ರಿಲ್‌ನಿಂದ ವಾಹನ ಹೊಗೆಯ ಬಿಎಸ್-6 ನಿಯಮ ಜಾರಿಯಾದ ಮೇಲೆ ಭಾರತದ ಡೀಸೆಲ್ ಕಾರುಗಳಲ್ಲೂ ಮಸಿ ಶೋಧಕ ಸಾಮಾನ್ಯವಾಗಿದೆ. ಅದರಲ್ಲಿ ಕಟ್ಟಿದ ಮಸಿಯನ್ನು ಆಗಾಗ ಸುಟ್ಟು ತೆರವು ಮಾಡಬೇಕು. ಅದಕ್ಕೆ ಹಿಡಿಯುವ ಸಮಯವನ್ನು ಗೋಳದ ಲೆಕ್ಕವೊಂದರಿಂದಲೇ ಊಹಿಸಲಾಗದು. ಯಾವ ಅನಿಲದಲ್ಲಿ, ಎಷ್ಟು ಪಾಲು ಉರಿದಾಗ, ಯಾವ ವಿಧಾನದಿಂದ ಮೇಲ್ಮೈ ಅಳೆದರು ಎಂಬುದನ್ನು ಹೇಳದ ದರವನ್ನು ಇನ್ನೊಂದು ಪ್ರಯೋಗದ ದರದೊಡನೆ ಹೋಲಿಸುವಂತಿಲ್ಲ.