ಪೈಲವಾನರ ಊಟದ ಲೆಕ್ಕ

ಕಲ್ಯಾಣವೆಂದರೆ ನಮಗೆ ಮೊದಲು ನೆನಪಾಗುವವರು ಬಸವಣ್ಣನವರು, ಶರಣರು. ಅವರಿಗಿಂತ ಒಂದು ತಲೆಮಾರು ಮುಂಚೆ ಅದೇ ಊರಿನ ಅರಮನೆಯಲ್ಲಿ ಒಂದು ದೊಡ್ಡ ಗ್ರಂಥ ಸಿದ್ಧವಾಗಿತ್ತು. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಅದು. ಅದರ ನೂರು ಅಧ್ಯಾಯಗಳಲ್ಲಿ ರಾಜ್ಯಭಾರವಿದೆ, ಸಂಗೀತವಿದೆ, ಆನೆಯಿದೆ, ಬೇಟೆಯಿದೆ. ಅಡುಗೆಯ ಭಾಗ ನೋಡೋಣವೆಂದು ಹೊರಟ ನಾನು ನಿಂತದ್ದು ಮಾತ್ರ ‘ಮಲ್ಲವಿನೋದ’ದಲ್ಲಿ, ಅಂದರೆ ಕುಸ್ತಿಯ ಅಧ್ಯಾಯದಲ್ಲಿ.

ಅಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವಿಂಗಡಿಸಲಾಗಿದೆ. ಅವರಿಗೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಸಿಹಿತಿನಿಸು ಒದಗಿಸುವುದು ದೊರೆಯ ಹೊಣೆ. ಹೆಂಗಸರಿಂದ ಅವರನ್ನು ದೂರ ಇಡಬೇಕು. ಮೈ ಬೆಳೆಸುವುದೇ ಅವರ ಉದ್ಯೋಗ. ಎಂದರೆ ಒಂಬೈನೂರು ವರ್ಷಗಳ ಹಿಂದೆಯೇ ನಮ್ಮ ಬಸವಕಲ್ಯಾಣದಲ್ಲಿ ಆಟವನ್ನೇ ಕಸುಬಾಗಿ ಮಾಡಿಕೊಂಡ, ತುತ್ತಿಗಾಗಿ ಸೆಣಸುವ ಗಂಡಸರಿದ್ದರು. ಅವರು ಯಾರು? ಅಧ್ಯಾಯದಲ್ಲಿರುವುದು ತರಗತಿಗಳ ಹೆಸರು, ಪಟ್ಟುಗಳ ಹೆಸರು. ಮನುಷ್ಯರ ಹೆಸರಿಲ್ಲ.

ದೊರೆಗಳ ಆಶ್ರಯ ಕುಸ್ತಿಗೆ ಬಹುಕಾಲ ಉಳಿಯಿತು. ನೆರೆಯ ಕೊಲ್ಹಾಪುರದಲ್ಲಿ ಶಾಹು ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನ 1912ರದು. ಸಂಸ್ಥಾನಗಳು ಹೋದವು, 1948ರಲ್ಲಿ ನಮ್ಮ ಭಾಗದ ನಿಜಾಮರ ಆಡಳಿತವೂ ಮುಗಿಯಿತು. ಆಮೇಲೆ ಸಾಮಾನ್ಯ ಪೈಲವಾನನಿಗೆ ಉಳಿದ ಆಸರೆ ಜಾತ್ರೆ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ಜನವರಿಯಲ್ಲಿ. ಅಲ್ಲಿಂದ ಮುಂದೆ ಬೇಸಿಗೆ ಮುಗಿಯುವತನಕ ಊರೂರಿನ ಜಾತ್ರೆ, ಉರುಸು. ಸುಗ್ಗಿಯ ನಂತರ ಹೆಗಲಿಗೊಂದು ಚೀಲ, ಅದರಲ್ಲೊಂದು ಲಂಗೋಟಿ. ಇಂದು ಇಲ್ಲಿ, ನಾಳೆ ಗಡಿಯಾಚೆ. ಮಳೆಗಾಲವಿಡೀ ತಾಲೀಮು.

ನಮ್ಮ ಕಡೆಯ ಜಾತ್ರೆಯಲ್ಲಿ ಹಲಗೆಯ ಸದ್ದಿನೊಂದಿಗೆ ಹುಡುಗರ ಕುಸ್ತಿ ತೆಂಗಿನಕಾಯಿಯಿಂದ ಶುರುವಾಗುತ್ತದೆ. ಆಮೇಲೆ ಹತ್ತು, ಐವತ್ತು, ನೂರು ರೂಪಾಯಿ ಎಂದು ಏರುತ್ತದೆ. ಕೊನೆಯ ಜೋಡಿಗೆ ಬೆಳ್ಳಿ ಕಡಗ. ಆ ಕಡಗ ಗೆದ್ದವನನ್ನು ಹೆಗಲ ಮೇಲೆ ಹೊತ್ತು ಮೆರೆಸುತ್ತಾರೆ. ನನಗೆ ಕುತೂಹಲ ಇರುವುದು ತೆಂಗಿನಕಾಯಿಗೂ ಕಡಗಕ್ಕೂ ನಡುವೆ ಉಳಿದವರ ಬಗ್ಗೆ. ಮೈದಾನಕ್ಕೆ ಅವರು ಬೇಕೇ ಬೇಕು, ಅವರಿಲ್ಲದೆ ಜಾತ್ರೆಯ ಕುಸ್ತಿ ಅರ್ಧ ತಾಸಿನಲ್ಲಿ ಮುಗಿದೀತು. ಆದರೆ ಅವರನ್ನು ಯಾರೂ ಹೊರುವುದಿಲ್ಲ. ಕೈಗೆ ಬಂದ ಹಣದಲ್ಲಿ ಬಸ್ಸಿನ ಖರ್ಚು ಕಳೆದರೆ ಉಳಿಯುವುದೆಷ್ಟು?

ದೊರೆ ಹೊತ್ತಿದ್ದ ಹಾಲು, ಬೇಳೆಯ ಖರ್ಚು ಆಗ ಯಾರ ಮೇಲೆ ಬಿತ್ತು? ಅಡುಗೆಮನೆಯ ಮೇಲೆ. ಪೈಲವಾನನಿರುವ ಮನೆಯಲ್ಲಿ ಎಮ್ಮೆಯ ಹಾಲು ಮೊದಲು ಅವನಿಗೆ, ತುಪ್ಪ ಅವನಿಗೆ, ನೆನೆಸಿ ಅರೆದ ಬದಾಮಿ ಅವನಿಗೆ. ಉಳಿದವರಿಗೆ ಜೋಳದ ರೊಟ್ಟಿ, ಖಾರ. ತಾಯಿಯೋ ಹೆಂಡತಿಯೋ ನಸುಕಿನಲ್ಲೆದ್ದು ಬೆಳೆಸಿದ ಆ ಮೈಯ ದುಡಿಮೆ ಬಹಳವಾದರೆ ಹತ್ತು ಹನ್ನೆರಡು ವರ್ಷ. ಮೊಣಕಾಲು ಸೋತ ಮೇಲೆ ಅವನು ಹೊಲಕ್ಕೋ ಹಮಾಲಿಗೋ ಹೋಗಬೇಕು. ಹಸಿವು ಮಾತ್ರ ಪೈಲವಾನನದೇ ಆಗಿ ಉಳಿದಿರುತ್ತದೆ. ಮಾಜಿ ಕುಸ್ತಿಪಟುಗಳಿಗೆ ರಾಜ್ಯ ಸರ್ಕಾರ ಮಾಸಾಶನ ಕೊಡುತ್ತದೆ, ಒಳ್ಳೆಯದೇ. ಅದು ರಾಜ್ಯ, ರಾಷ್ಟ್ರಮಟ್ಟದಲ್ಲಿ ಆಡಿದ್ದಕ್ಕೆ ದಾಖಲೆ ಇದ್ದವರಿಗೆ. ಜಾತ್ರೆಯ ಮಣ್ಣು ಯಾರಿಗೂ ಪ್ರಮಾಣಪತ್ರ ಬರೆದುಕೊಡುವುದಿಲ್ಲ.

ಸೋಮೇಶ್ವರನ ಗ್ರಂಥವಾದ ಮೂರು ನಾಲ್ಕು ದಶಕಗಳಲ್ಲೇ ಅದೇ ಕಲ್ಯಾಣದಲ್ಲಿ ಆಯ್ದಕ್ಕಿ ಲಕ್ಕಮ್ಮ ಇದ್ದಳು. ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ತಂದಲ್ಲಿಗೇ ಹಿಂದಿರುಗಿಸಿ ಬಾ ಎಂದವಳು. ಮನೆಯ ಅಕ್ಕಿ ಅಳೆದ ಹೆಣ್ಣೊಬ್ಬಳ ಹೆಸರು ಇಂದಿಗೂ ಉಳಿದಿದೆ, ಅರಮನೆಯ ಹಾಲು ಕುಡಿದ ಮಲ್ಲರ ಹೆಸರು ಉಳಿದಿಲ್ಲ. ಉಳಿಸಬೇಕೆನ್ನುವವರಿದ್ದರೆ ಅಕ್ಕಿ ಆಯುವವರ ಹೆಸರೂ ಉಳಿಯುತ್ತದೆ.

ನಮ್ಮ ಓಣಿಗಳಲ್ಲಿ ಕಿವಿ ಮುದುಡಿದ ಹಳೆಯ ಪೈಲವಾನರು ಇನ್ನೂ ಇದ್ದಾರೆ. ಯಾವ ಜಾತ್ರೆಯಲ್ಲಿ ಯಾರ ಮೇಲೆ ಆಡಿದಿರಿ ಎಂದು ಅವರನ್ನು ಕೇಳಿ ಬರೆದಿಡೋಣ. ಬರೆಯುವಾಗ ಒಳಮನೆಯಲ್ಲಿ ಬದಾಮಿ ಅರೆದವರ ಹೆಸರನ್ನೂ ಕೇಳೋಣ.