ಕಲ್ಲುಗುಪ್ಪೆಯ ಕೆಳಗೆ ಯಾರು?

ನಮ್ಮ ಬಯಲುಸೀಮೆಯ ಹೊಲಗಳಲ್ಲಿ, ಗುಡ್ಡದ ಬುಡಗಳಲ್ಲಿ ಗುಂಡುಕಲ್ಲುಗಳನ್ನು ಸುತ್ತ ಜೋಡಿಸಿ ನಡುವೆ ಕಲ್ಲುಗುಪ್ಪೆ ಹಾಕಿದ ಜಾಗಗಳಿವೆ. ಇವು ಯಾರವು ಅಂತ ಕೇಳಿ. ಒಂದೂರಲ್ಲಿ ಪಾಂಡವರವು ಅಂತಾರೆ, ಇನ್ನೊಂದೂರಲ್ಲಿ ಮೋರ್ಯರವು ಅಂತಾರೆ. ಇದೇ ನೆಲದ ದುಡಿಯುವ ಜನ ಕಟ್ಟಿದ್ದು ಅನ್ನೋ ಮಾತು ಮಾತ್ರ ಬಾಯಿಗೆ ಬರೋದಿಲ್ಲ.

ಬಿಳಿಯ ಸಾಹೇಬರಿಗೂ ಬರಲಿಲ್ಲ. 1842ರಿಂದ 1853ರವರೆಗೆ ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಜೇವರ್ಗಿಯ ಕಲ್ಲುಗುಪ್ಪೆಗಳನ್ನು ಅಗೆಸಿದ. ಎಲುಬು, ಮಡಕೆ, ಕಬ್ಬಿಣದ ಆಯುಧ ಸಿಕ್ಕವು. ಸಿಕ್ಕಿದ್ದನ್ನು ಶ್ರದ್ಧೆಯಿಂದ ಬರೆದಿಟ್ಟ, ನಿಜ. ಆದರೆ ಯಜಮಾನಿಕೆಯನ್ನು ಕೊಟ್ಟಿದ್ದು ಯುರೋಪಿನ ಕೆಲ್ಟರಿಗೆ, ಇಲ್ಲವೇ ಮಧ್ಯ ಏಷ್ಯಾದ ಸಿಥಿಯನ್ನರಿಗೆ! ಇಲ್ಲಿನವರ ಪಾಲಿಗೆ ಉಳಿದದ್ದು ಗುದ್ದಲಿ ಹಿಡಿಯುವ ಕೂಲಿ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಬನ್ನಿ. 1892ರಲ್ಲಿ ಬಿ.ಎಲ್. ರೈಸ್ ಅಲ್ಲಿ ಅಶೋಕನ ಶಾಸನ ಕಂಡುಹಿಡಿದ. ಅದು ಪಠ್ಯಪುಸ್ತಕ ಸೇರಿತು. ಅದರ ಹತ್ತಿರವೇ ಇದ್ದ ಗೋರಿಗಳ ಕಡೆ ಮೇಷ್ಟ್ರುಗಳು ಬೆರಳು ತೋರಿಸಿದ್ದು ಕಡಿಮೆ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವುಗಳಲ್ಲಿ ಕೆಲವನ್ನು ಅಗೆಸಿದ. ನಾಲ್ಕು ಚಪ್ಪಡಿಗಳನ್ನು ಒಂದಕ್ಕೊಂದು ಆತುಕೊಳ್ಳುವಂತೆ ನಿಲ್ಲಿಸಿ, ಒಂದರಲ್ಲಿ ದುಂಡು ಕಂಡಿ ಕೊರೆದು, ಮೇಲೆ ಹಾಸುಬಂಡೆ ಮುಚ್ಚಿದ ಕಲ್ಲುಕೋಣೆಗಳು ಸಿಕ್ಕವು. ಒಳಗೆ ಒಬ್ಬರಲ್ಲ, ಹಲವರ ಎಲುಬುಗಳು. ಜೊತೆಗೆ ಮಡಕೆ, ಕಬ್ಬಿಣದ ಸಾಮಾನು. ವ್ಹೀಲರ್ ಇವುಗಳಿಗೆ ಕ್ರಿಸ್ತಪೂರ್ವದ ಕೊನೆಯ ಶತಮಾನಗಳ ಕಾಲ ಕೊಟ್ಟ. ಆಮೇಲೆ ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ 1965ರ ಉತ್ಖನನ ನಡೆಯಿತು. ಅಲ್ಲಿನ ಇದ್ದಿಲಿನ ಪರೀಕ್ಷೆ ಕಬ್ಬಿಣದ ಕಾಲವನ್ನು ಕ್ರಿ.ಪೂ. 1000ದ ಆಸುಪಾಸಿಗೆ ಒಯ್ದಿತು. ಅಂದರೆ ಅಶೋಕನಿಗಿಂತ ನೂರಾರು ವರ್ಷ ಮೊದಲೇ ಇಲ್ಲಿನ ಕುಲುಮೆಗಳು ಉರಿಯುತ್ತಿದ್ದವು.

ಆ ಮಡಕೆ ನೋಡಿ. ಒಳಗೂ ಬಾಯಂಚೂ ಕಪ್ಪು, ಹೊರಗೆ ಕೆಂಪು. ಬೋರಲು ಹಾಕಿ ಸುಟ್ಟು, ಎಲ್ಲಿ ಗಾಳಿ ತಾಗಬೇಕು ಎಲ್ಲಿ ತಾಗಬಾರದು ಅಂತ ಲೆಕ್ಕ ಹಾಕಿದ ಕೈ ಅದು. ಅದಿರು ಕರಗಿಸಲು ಇದ್ದಿಲು, ತಿದಿ, ಎದೆಯ ಉಸಿರು ಬೇಕು. ಬಂಡೆ ಸೀಳಿ ಎಳೆದು ತರಲು ಹತ್ತಾರು ಹೆಗಲು ಬೇಕು. ಇದು ವಿದ್ಯೆ ಅಲ್ಲದೆ ಮತ್ತೇನು? ಮುಂದೆ ಬಂದ ಜಾತಿವ್ಯವಸ್ಥೆ ಇದೇ ಕೈಗಳನ್ನು ಕೀಳು ಅಂದಿತು. ಹೆಣ ಹೂಳುವುದನ್ನು, ಗುಂಡಿ ತೋಡುವುದನ್ನು ನಮ್ಮ ಕೇರಿಯ ತಲೆಗೆ ಕಟ್ಟಿ, ಮುಟ್ಟಬೇಡ ಅಂದಿತು. ಈ ಗೋರಿ ಕಟ್ಟಿದವರಿಗೋ, ಸತ್ತವರ ಎಲುಬು ಮೈಲಿಗೆಯಾಗಿರಲಿಲ್ಲ, ಜೋಪಾನ ಮಾಡುವ ವಸ್ತುವಾಗಿತ್ತು.

ಹಾಗಂತ ಅದು ಸಮಾನತೆಯ ಸ್ವರ್ಗವಾಗಿತ್ತು ಅಂತ ಕುಣಿಯೋದು ಬೇಡ. ಸತ್ತವರಿಗೆಲ್ಲ ಇಂಥ ಗೋರಿ ಸಿಕ್ಕಿಲ್ಲ. ಕಲ್ಲು ಎಳೆದವನ ಮೇಲೂ ಕಲ್ಲು ನಿಂತಿತೇ? ನಮ್ಮ ಚರಿತ್ರೆ ಈ ಪ್ರಶ್ನೆಯಿಂದಲೇ ಶುರುವಾಗಬೇಕು.

ಇವತ್ತು ಕ್ವಾರಿಯವರು, ನಿಧಿಗಳ್ಳರು ಈ ಕಲ್ಲುಗಳನ್ನು ಕಿತ್ತುಹಾಕುತ್ತಿದ್ದಾರೆ. ಹಳ್ಳಿಯ ಮೇಷ್ಟ್ರೇ, ಅರಮನೆ ತೋರಿಸುವ ಮೊದಲು ಮಕ್ಕಳನ್ನು ಊರಾಚೆಯ ಕಲ್ಲುಗುಪ್ಪೆಗೆ ಕರೆದುಕೊಂಡು ಹೋಗಿ. ಇದನ್ನು ಎಷ್ಟು ಜನ ಹೊತ್ತಿರಬಹುದು ಅಂತ ಅವರ ಕೈಲೇ ಲೆಕ್ಕ ಹಾಕಿಸಿ.