ಸೈನ್ಯ ಬಿಟ್ಟ ದೇಶ, ಫೀಸು ಬಿಟ್ಟ ದೇಶ

ಶಿಕ್ಷಣಕ್ಕೆ ರಾಷ್ಟ್ರೀಯ ಆದಾಯದ 6% ಕೊಡಬೇಕು ಅನ್ನೋ ಮಾತು ನಮಗೇನೂ ಹೊಸದಲ್ಲ. 1964-66ರ ಕೊಠಾರಿ ಆಯೋಗ ಹೇಳಿದ್ದು. ಬಜೆಟ್ ದಿನ ಯಾರಾದರೂ ನೆನಪಿಸುತ್ತಾರೆ, ಮರುದಿನ ಎಲ್ಲರೂ ಮರೆಯುತ್ತಾರೆ. ಇದೇ ‘ಆರು’ ಇನ್ನೆರಡು ಪುಟ್ಟ ದೇಶಗಳ ಚರಿತ್ರೆಯಲ್ಲೂ ಬರುತ್ತದೆ: ಶ್ರೀಲಂಕಾ ಮತ್ತು ಕೋಸ್ಟಾ ರಿಕಾ. ಎರಡೂ ನಮ್ಮ ಕರ್ನಾಟಕಕ್ಕಿಂತ ಚಿಕ್ಕವು.

ಮೊದಲು ಪಕ್ಕದ ಮನೆ. ಬ್ರಿಟಿಷರ ಕಾಲದ ಸಿಲೋನಿನಲ್ಲಿ ಒಳ್ಳೆಯ ಶಾಲೆ ಅಂದ್ರೆ ಇಂಗ್ಲಿಷ್ ಶಾಲೆ, ಅದಕ್ಕೆ ಫೀಸು. ಬಡವರ ಮಕ್ಕಳಿಗೆ ಸಿಂಹಳ ಅಥವಾ ತಮಿಳಿನ ಹಳ್ಳಿ ಶಾಲೆ. 1931ರಲ್ಲಿ ಶಿಕ್ಷಣ ಮಂತ್ರಿಯಾದ ಸಿ.ಡಬ್ಲ್ಯು.ಡಬ್ಲ್ಯು. ಕನ್ನಂಗರ ಈ ಗೋಡೆ ಒಡೆಯಲು ಹೊರಟರು. ಹಳ್ಳಿಗಾಡಿನಲ್ಲಿ ‘ಸೆಂಟ್ರಲ್ ಸ್ಕೂಲ್’ಗಳನ್ನು ಕಟ್ಟಿಸಿದರು. 1945ರ ಅಕ್ಟೋಬರ್ 1ರಿಂದ ಶಿಶುವಿಹಾರದಿಂದ ವಿಶ್ವವಿದ್ಯಾಲಯದವರೆಗೆ ಓದು ಉಚಿತವಾಯಿತು. ಉಳ್ಳವರು, ಮಿಶನರಿ ಶಾಲೆಗಳವರು ಜೋರಾಗಿ ವಿರೋಧಿಸಿದ್ದರು. 1947ರ ಚುನಾವಣೆಯಲ್ಲಿ ಕನ್ನಂಗರ ಸೋತೇ ಹೋದರು! ಆದರೆ ಅವರು ಹಚ್ಚಿದ ದೀಪ ಆರಲಿಲ್ಲ. 1980ರಲ್ಲಿ ಪಠ್ಯಪುಸ್ತಕ, 1993ರಲ್ಲಿ ಸಮವಸ್ತ್ರವೂ ಉಚಿತವಾದವು.

ಇನ್ನು ಕೋಸ್ಟಾ ರಿಕಾ. ಅಲ್ಲಿ 1869ರ ಸಂವಿಧಾನವೇ ಪ್ರಾಥಮಿಕ ಶಿಕ್ಷಣವನ್ನು ಉಚಿತ, ಕಡ್ಡಾಯ ಮಾಡಿತ್ತು. 1948ರಲ್ಲಿ ಒಂದು ಸಣ್ಣ ಅಂತರ್ಯುದ್ಧ ಮುಗಿದ ಮೇಲೆ, ಡಿಸೆಂಬರ್ 1ರಂದು ಹೋಸೆ ಫಿಗೆರೆಸ್ ರಾಜಧಾನಿ ಸಾನ್ ಹೋಸೆಯ ಸೈನಿಕ ಕೋಟೆಯ ಗೋಡೆಗೆ ಸುತ್ತಿಗೆಯಿಂದ ಬಡಿದು ಸೈನ್ಯವನ್ನೇ ರದ್ದು ಮಾಡಿದರು. ಆ ಕೋಟೆ ಈಗ ರಾಷ್ಟ್ರೀಯ ವಸ್ತು ಸಂಗ್ರಹಾಲಯ. ಆದರೆ ಸೈನ್ಯ ಹೋದ ಮಾತ್ರಕ್ಕೆ ಶಾಲೆ ಉಳಿಯಲಿಲ್ಲ, ಗೊತ್ತಾ? 1981ರಲ್ಲಿ ದೇಶ ಸಾಲ ತೀರಿಸಲಾಗದೆ ಕೈಚೆಲ್ಲಿದಾಗ ಶಿಕ್ಷಣದ ದುಡ್ಡಿಗೂ ಕತ್ತರಿ ಬಿತ್ತು, ಎಷ್ಟೋ ಮಕ್ಕಳು ಹೈಸ್ಕೂಲಿನ ಮೆಟ್ಟಿಲನ್ನೇ ಹತ್ತಲಿಲ್ಲ. ಆ ಪಾಠ ಕಲಿತು 1997ರಲ್ಲಿ ಜಿಡಿಪಿಯ 6% ಅನ್ನು ಸಂವಿಧಾನದಲ್ಲೇ ಬರೆದಿಟ್ಟರು. 2011ರಲ್ಲಿ ಅದನ್ನು 8% ಮಾಡಿದರು.

ಶ್ರೀಲಂಕಾದಲ್ಲಿ ಹೀಗೆ ಬರೆದಿಟ್ಟವರಿಲ್ಲ. 1983ರಿಂದ 2009ರವರೆಗೆ ಯುದ್ಧ ದುಡ್ಡು ನುಂಗಿತು. 2012ರಲ್ಲಿ ವಿಶ್ವವಿದ್ಯಾಲಯದ ಅಧ್ಯಾಪಕರು 6% ಕೊಡಿ ಎಂದು ತಿಂಗಳುಗಟ್ಟಲೆ ಮುಷ್ಕರ ಹೂಡಿದಾಗ ಸಿಗುತ್ತಿದ್ದುದು 2%ಕ್ಕೂ ಕಡಿಮೆ. 2022ರ ಬಿಕ್ಕಟ್ಟಿನಲ್ಲಂತೂ ಕಾಗದವಿಲ್ಲದೆ ಪರೀಕ್ಷೆಗಳನ್ನೇ ಮುಂದೂಡಬೇಕಾಯಿತು.

ಹಾಗಾದ್ರೆ ಕೋಸ್ಟಾ ರಿಕಾ ಗೆದ್ದಿತು ಅನ್ನೋಣವೇ? ಅಲ್ಲೇ ಇರೋದು ತಮಾಷೆ. ಅಷ್ಟು ಕಡಿಮೆ ದುಡ್ಡಿನಲ್ಲೂ ಶ್ರೀಲಂಕಾದ ಸಾಕ್ಷರತೆ 90% ದಾಟಿದೆ. ಅತ್ತ ಕೋಸ್ಟಾ ರಿಕಾ 8% ಅನ್ನು ಒಮ್ಮೆಯೂ ಮುಟ್ಟಲಿಲ್ಲ, ಈಚಿನ ವರ್ಷಗಳಲ್ಲಿ 6ಕ್ಕಿಂತಲೂ ಕೆಳಗಿಳಿದಿದೆ. 2022ರ ‘ಪಿಸಾ’ ಪರೀಕ್ಷೆಯ ಗಣಿತದಲ್ಲಿ ಅದರ ಮಕ್ಕಳ ಅಂಕ 385, ಓಇಸಿಡಿ ದೇಶಗಳ ಸರಾಸರಿ 472.

ಹಾಗಂತ ದುಡ್ಡು ಬೇಡ ಅಂತಲ್ಲ. ಸರ್ಕಾರ ಕೊಡದೆ ಉಳಿಸಿದ್ದು ಶ್ರೀಲಂಕಾದಲ್ಲಿ ಅಪ್ಪ-ಅಮ್ಮಂದಿರ ಜೇಬಿನಿಂದ ಟ್ಯೂಷನ್ ಹೆಸರಲ್ಲಿ ಹೋಗುತ್ತಿದೆ. ಓದು ಉಚಿತ ಅಂದರೂ ವಿಶ್ವವಿದ್ಯಾಲಯದ ಸೀಟು ಎಲ್ಲರಿಗೆ ಸಾಲಲಿಲ್ಲ. ಆ ಸೀಟುಗಳ ಹಂಚಿಕೆಗೆ 1970ರ ದಶಕದಲ್ಲಿ ಮಾಡಿದ ನಿಯಮ ತಮಿಳು ಯುವಕರ ಸಿಟ್ಟಿಗೆ ಒಂದು ಕಾರಣವಾಯಿತು. ಮುಂದೆ ಏನಾಯಿತೆಂದು ಎಲ್ಲರಿಗೂ ಗೊತ್ತು.

ನಾನೂ ಸರ್ಕಾರಿ ಕನ್ನಡ ಶಾಲೆಯಲ್ಲಿ, ಪುಕ್ಕಟೆ ಪುಸ್ತಕದಲ್ಲಿ ಓದಿದವನು. ಕನ್ನಂಗರರ ಕಥೆ ಓದುವಾಗ ಅದೇ ನೆನಪಾಗುತ್ತಿತ್ತು. ಶೇಕಡಾ ಎಷ್ಟು ಅಂತ ಕೇಳುವುದನ್ನು ನಾವು ಬಿಡಬಾರದು. ಆದರೆ ಅದರ ಜೊತೆಗೆ ಇನ್ನೊಂದನ್ನೂ ಕೇಳಬೇಕು: ಆ ದುಡ್ಡು ಕೊನೆಯ ಬೆಂಚಿನ ಹುಡುಗಿಯವರೆಗೆ ತಲುಪಿತಾ? ನೀವೇನಂತೀರಿ?